ನಾಲ್ಕನೆಯ ತೂತು

ಕಾರಿನ ಬ್ಯಾಟರಿಯನ್ನು ಮುಂದಿನಿಂದ ತೆಗೆದು ಹಿಂದಿನ ಡಿಕ್ಕಿಗೆ ಹಾಕುವುದು ದೊಡ್ಡ ವಿದ್ಯೆಯೇನಲ್ಲ ಎಂದು ನಾನು ಎಷ್ಟೋ ಜನರೆದುರು ಎದೆ ತಟ್ಟಿ ಹೇಳಿದ್ದೇನೆ. ಹುಮನಾಬಾದಿನ ಹೈವೇ ಪಕ್ಕದಲ್ಲಿ ಇಪ್ಪತ್ತು ವರ್ಷ ಗಾಡಿಗಳ ವೈರಿಂಗ್ ಮಾಡಿಕೊಂಡು ಬದುಕಿದವನು ನಾನು. ನನ್ನ ನಾಲಗೆ ಸ್ವಲ್ಪ ಉದ್ದ ಎಂದು ಮನೆಯಲ್ಲೂ ಹೇಳುತ್ತಾರೆ, ಅಂಗಡಿಗೆ ಬರುವ ಲಾರಿ ಡ್ರೈವರುಗಳೂ ಹೇಳುತ್ತಾರೆ. ಆದರೆ ಬ್ಯಾಟರಿಯನ್ನು ಡಿಕ್ಕಿಗೆ ಹಾಕುವ ಮಾತು ಯಾರಾದರೂ ತೆಗೆದರೆ ಈಗ ಸುಮ್ಮನಾಗುತ್ತೇನೆ. ಮೊದಲು ರಬ್ಬರ್ ರಿಂಗು, ಫ್ಯೂಜು ಎರಡೂ ತಂದು ಮೇಜಿನ ಮೇಲಿಡಿ, ಆಮೇಲೆ ಮಾತಾಡೋಣ ಎಂದಷ್ಟೇ ಹೇಳುತ್ತೇನೆ.

ಬಸವಕಲ್ಯಾಣದ ಒಬ್ಬ ಕಾಕಾ ಇದ್ದರು. ರಕ್ತಸಂಬಂಧವಿಲ್ಲ, ನಮ್ಮ ಕಡೆ ಹಿರಿಯರಿಗೆಲ್ಲ ಕಾಕಾ ಅನ್ನುವ ರೂಢಿ. ಊರಲ್ಲಿ ಕಾಳಿನ ಅಂಗಡಿ, ಹೊರಗೆ ಒಂದಿಷ್ಟು ಹೊಲ. ಗುರುವಾರ ಬಂದರೆ ಸಾಕು, ತಮ್ಮ ಹಳೆಯ ಬಿಳಿ ಕಾರು ತೆಗೆದುಕೊಂಡು ನಮ್ಮೂರಿಗೆ ತಾಗಿದ ಮಾಣಿಕನಗರದ ಗುಡಿಗೆ ಬರುವರು, ದರ್ಶನ ಮುಗಿಸಿ ನೇರ ನನ್ನ ಅಂಗಡಿಗೆ. ಅಲ್ಲಿ ಒಂದು ಸ್ಟೂಲು ಅವರದೇ ಎಂಬಂತೆ ಆಗಿತ್ತು. ಅದರ ಮೇಲೆ ಕುಳಿತು ಬೀಡಿ ಹಚ್ಚಿ, ನಾನು ಮಾಡುವ ಕೆಲಸಕ್ಕೆಲ್ಲ ಕೊಂಕು ತೆಗೆದು ಹೆಸರಿಡುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ಅವರ ಗಾಡಿಗೆ ಮ್ಯೂಸಿಯಮ್ಮಿನವರು ಕಾಯುತ್ತಿದ್ದಾರೆ ಎನ್ನುತ್ತಿದ್ದೆ. ಹೀಗೆ ಬೈದಾಡಿಕೊಂಡೇ ನಮ್ಮ ಸ್ನೇಹ ಹತ್ತು ಹನ್ನೆರಡು ವರ್ಷ ನಡೆದಿತ್ತು.

ಆ ಗಾಡಿಯ ಹಳೆ ಎಂಜಿನ್ ಕೈಕೊಟ್ಟಾಗ ಕಾಕಾ ಎಲ್ಲಿಂದಲೋ ಒಂದು ಡೀಸೆಲ್ ಎಂಜಿನ್ ತಂದು ಕೂರಿಸಿದ್ದರು. ಎಂಜಿನ್ ದೊಡ್ಡದು, ಬಾನೆಟ್ಟಿನ ಹೊಟ್ಟೆ ಸಣ್ಣದು. ಬ್ಯಾಟರಿಗೆ ಉಳಿದ ಜಾಗ ಸೈಲೆನ್ಸರ್ ಪೈಪಿನ ಪಕ್ಕದ ಗೇಣಗಲ ಮೂಲೆ. ಅದರ ಕಾವಿಗೆ ವಾರಕ್ಕೊಮ್ಮೆ ಬ್ಯಾಟರಿಯ ನೀರು ಬತ್ತಿ, ಅದರ ಮೈ ಉಬ್ಬಿ ಹೋಯಿತು. ಒಂದು ಗುರುವಾರ ನಾನೇ ಹೇಳಿದೆ, ಇದನ್ನು ಡಿಕ್ಕಿಗೆ ಸಾಗಿಸೋಣ ಎಂದು.

"ಹಿಂದ ಹಾಕಿದ್ರ ಮುಂದ ಗಾಡಿ ಹ್ಯಾಂಗ ಶುರು ಆಗ್ತದೋ?" ಎಂದರು.

"ನಿಮ್ಮ ತಲಿ ಮ್ಯಾಲ ಅದ, ಕಾಲು ಕೆಳಗ ನಡ್ಯಾಂಗಿಲ್ಲೇನ್ರಿ ಕಾಕಾ?" ಎಂದೆ. ನಕ್ಕರು, ಒಪ್ಪಿದರು.

ಮುಂದಿನ ಗುರುವಾರವೇ ಕೆಲಸ ಹಿಡಿದೆ. ಬ್ಯಾಟರಿ ಮುಂದೆ ಇದ್ದಾಗ ಅದರ ದಪ್ಪ ವೈರಿನ ಉದ್ದ ಒಂದು ಮೊಳ. ಹಿಂದೆ ಹೋಯಿತೆಂದರೆ ಏಳೆಂಟು ಮೊಳ, ಅದೂ ಜನ ಕೂರುವ ಸೀಟಿನ ಕೆಳಗೇ ಹಾಯ್ದು ಹೋಗಬೇಕು. ಅದರಲ್ಲಿ ಸದಾ ಕರೆಂಟು ಇರುತ್ತದೆ, ಕೀ ತೆಗೆದರೂ ಇರುತ್ತದೆ. ಎಲ್ಲಾದರೂ ಒಂದು ಕಡೆ ತೊಗಟೆ ಸವೆದು ಗಾಡಿಯ ತಗಡಿಗೆ ತಾಗಿದರೆ ವೈರು ಕೆಂಡವಾಗುತ್ತದೆ. ಅದಕ್ಕೇ ಬ್ಯಾಟರಿಯಿಂದ ಗೇಣು ದೂರದಲ್ಲಿ ಒಂದು ದೊಡ್ಡ ಫ್ಯೂಜು ಹಾಕಬೇಕು, ವೈರು ಬಿಸಿಯಾಗುವ ಮೊದಲು ಫ್ಯೂಜು ಸುಟ್ಟುಕೊಂಡು ಎಲ್ಲರನ್ನೂ ಉಳಿಸುತ್ತದೆ. ವೈರು ತಗಡು ದಾಟುವ ಪ್ರತಿ ತೂತಿಗೂ ರಬ್ಬರ್ ರಿಂಗು ಹಾಕಬೇಕು, ಏಕೆಂದರೆ ಕೊರೆದ ತಗಡಿನ ಅಂಚೆಂದರೆ ಚೂರಿ. ಇದೆಲ್ಲ ನನಗೆ ಆವತ್ತೂ ಗೊತ್ತಿತ್ತು. ಗೊತ್ತಿಲ್ಲದೆ ತಪ್ಪು ಮಾಡಿದೆ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಬ್ಯಾಟರಿಗೆ ಕಬ್ಬಿಣದ ತಟ್ಟೆ ಮಾಡಿಸಿ ಬೋಲ್ಟು ಹಾಕಿ ಬಿಗಿದೆ. ಮೇಲೆ ಪ್ಲಾಸ್ಟಿಕ್ ಡಬ್ಬಿ ಕವುಚಿ, ಚಾರ್ಜಿನ ಹೊತ್ತಿಗೆ ಏಳುವ ಗ್ಯಾಸು ಹೊರಗೆ ಹೋಗಲೆಂದು ಕೆಳಕ್ಕೆ ಒಂದು ನಳಿಕೆ ಬಿಟ್ಟೆ. ಬಣ್ಣ ಕೆರೆದು, ತಗಡು ಬೆಳ್ಳಗಾದ ಮೇಲೆ ಅರ್ಥಿಂಗ್ ವೈರು ಕೂರಿಸಿದೆ. ಚೆಂದದ ಕೆಲಸ. ಕಾಕಾ ಕೂಡ ಹೆಸರಿಡಲು ಏನೂ ಸಿಗದೆ ಬೀಡಿ ಸೇದುತ್ತ ಕುಳಿತಿದ್ದರು. ಒಟ್ಟು ನಾಲ್ಕು ತೂತು. ರಿಂಗು ಹಾಕುತ್ತ ಬಂದೆ, ಮೂರಕ್ಕೆ ಮುಗಿದವು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಡ್ರೈವರಿನ ಕಾಲಿಗೂ ಎಂಜಿನ್ನಿಗೂ ನಡುವೆ ಇರುವ ತಗಡಿನದು, ಎಂಜಿನ್ ನಡುಗಿದಷ್ಟು ಹೊತ್ತೂ ನಡುಗುವುದು.

ಪೇಟೆಗೆ ಹೋಗಿ ರಿಂಗು ತರುತ್ತೇನೆ ಎಂದೆ. ಆಗ ಎರಡು ಗಂಟೆ ದಾಟಿತ್ತು. ಆವತ್ತು ಮೂರರ ಸುಮಾರಿಗೆ ಅಮಾವಾಸ್ಯೆ ಕೂಡುವುದಿತ್ತು.

"ಏ ಮಿಸ್ತ್ರಿ, ಪ್ಯಾಟಿಗೆ ಹೋಗ್ತೇನಂತೀ, ಅಮಾಸಿ ನಿನ್ನ ಸಲುವಾಗಿ ನಿಲ್ತದೇನು? ಅಮಾಸಿ ಕೂಡೂದ್ರೊಳಗ ಗಾಡಿ ನನ್ನ ಅಂಗಳದಾಗ ಇರಬೇಕು. ಮಂದಿ ಬಾಗಲದಾಗ ನಾ ಅಮಾಸಿಗೆ ಗಾಡಿ ಬಿಡಾಂವಲ್ಲ. ಜಲ್ದಿ ಮಾಡು."

ಗಾಡಿ ಇದ್ದವರೆಲ್ಲ ನಮ್ಮ ಕಡೆ ಹೀಗೆಯೇ. ಅಮಾವಾಸ್ಯೆಗೆ ಗಾಡಿ ಮನೆಯಲ್ಲಿರಬೇಕು, ತೊಳೆದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಕಾಯಿ ಒಡೆಯಬೇಕು. ನಾನು ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ, ತೂತಿನೊಳಗೆ ವೈರಿಗೆ ಸುತ್ತಿ, ಮೇಲೆ ಟೇಪು ಬಿಗಿದೆ. ಹೊಸ ಎಂಜಿನ್ನಿನಿಂದ ಹಳೆಯ ದಾರಿ ಮುಚ್ಚಿದ್ದರಿಂದ ಸ್ಟೇರಿಂಗಿನಿಂದ ಹಾರ್ನಿಗೆ ಹೋಗುವ ಸಣ್ಣ ವೈರನ್ನೂ ಅದೇ ತೂತಿನಲ್ಲಿ ತೂರಿಸಿದೆ. ದೊಡ್ಡ ಫ್ಯೂಜು ಕಲಬುರಗಿಯಿಂದ ಬರಬೇಕಿತ್ತು. ಎರಡೂ ಮುಂದಿನ ಗುರುವಾರ ಹಾಕಿ ಕೊಡುತ್ತೇನೆ ಎಂದೆ. ಕಾಕಾ ಸೆಲ್ಫ್ ಹೊಡೆದರು, ಒಂದೇ ಏಟಿಗೆ ಗಾಡಿ ಎದ್ದಿತು. ಕೈ ಬೀಸಿ ಹೋದರು.

ನಾಳೆ ಅಂದವನ ಮನೆ ಹಾಳು ಅನ್ನುತ್ತಾರೆ. ನಾನು ನಾಳೆ ಅನ್ನಲಿಲ್ಲ, ಗುರುವಾರ ಅಂದೆ. ಮುಂದಿನ ಗುರುವಾರ ಫ್ಯೂಜು ಬಂದಿರಲಿಲ್ಲ. ಅದರ ಮುಂದಿನ ಗುರುವಾರ ಬಂದಿತ್ತು, ಆದರೆ ನನ್ನ ಅಂಗಡಿ ಮುಂದೆ ಎರಡು ಲಾರಿ ನಿಂತಿದ್ದವು. ಆಮೇಲೆ ಒಮ್ಮೆ ಅವರಿಗೆ ಅವಸರ, ಒಮ್ಮೆ ನನಗೆ ಮದುವೆ ಊಟ. ಗಾಡಿ ಚೆನ್ನಾಗಿ ಓಡುತ್ತಿತ್ತು, ಓಡುವ ಗಾಡಿಯ ಚಿಂತೆ ಯಾರಿಗೆ? ಬೇಸಿಗೆ ಬಂತು. ಒಂದು ಮಧ್ಯಾಹ್ನ ಕಾಕಾ ತಮ್ಮ ಕಾಳಿನ ಅಂಗಡಿಯಲ್ಲಿ ಕುಳಿತಲ್ಲೇ ತಲೆ ವಾಲಿಸಿದರಂತೆ. ಎದೆ ನಿಂತಿತ್ತು. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ, ಮೂರನೆಯ ದಿನದ ಕಾರ್ಯಕ್ಕೆ ಹೋದೆ.

ಕಾರ್ಯ ಅವರ ಹೊಲದಲ್ಲಿತ್ತು, ಬಸವಕಲ್ಯಾಣದ ಹೊರಗೆ. ಬಿಸಿಲೆಂದರೆ ನೆಲ ನೋಡಿದರೂ ಕಣ್ಣು ಕುಕ್ಕುವ ಬಿಸಿಲು. ಕಾಕಾನ ತಮ್ಮ ಅದೇ ಬಿಳಿ ಕಾರಿನಲ್ಲಿ ಕಾಕಾನ ಹೆಂಡತಿ ಕಾಕಿಯನ್ನೂ, ಎಡೆಯ ಬುಟ್ಟಿಯನ್ನೂ ತಂದು, ಗಾಡಿಯನ್ನು ಬದುವಿನ ಮೇಲೆ ನಿಲ್ಲಿಸಿ ಕೀ ಜೇಬಿಗಿಟ್ಟುಕೊಂಡ. ಮುತ್ತುಗದ ಎಲೆಯ ಮೇಲೆ ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ, ಒಂದು ಕಪ್ ಚಹಾ, ಒಂದು ಕಟ್ಟು ಬೀಡಿ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತೆವು. ಇನ್ನು ಕಾಗೆ ಬಂದು ಎಡೆ ಮುಟ್ಟಬೇಕು.

ಬೇವಿನ ಗಿಡದ ಮೇಲೆ ಒಂದೇ ಕಾಗೆ ಕುಳಿತಿತ್ತು. ಅದು ಕೆಳಗೆ ನೋಡಿತು, ಕೊಕ್ಕು ಟೊಂಗೆಗೆ ಉಜ್ಜಿತು, ಕುಳಿತೇ ಇತ್ತು. ಅರ್ಧ ಗಂಟೆ ಆಯಿತು. ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದೇ ಅರ್ಥ. ಉಳಿದವರು ಅದೇನೆಂದು ಊಹಿಸಿ ಮಾತು ಕೊಡಬೇಕು. ಕೊಟ್ಟ ಮಾತನ್ನು ಆಮೇಲೆ ಯಾರೂ ಮುರಿಯುವಂತಿಲ್ಲ.

"ಅಣ್ಣಾ, ಹೊಲ ಪಾಲು ಮಾಡೂದಿಲ್ಲ," ಎಂದ ತಮ್ಮ. ಕಾಗೆ ಕದಲಲಿಲ್ಲ. "ಅಂಗಡಿ ನಡಸ್ತೇನಿ, ಮುಚ್ಚೂದಿಲ್ಲ," ಎಂದ. ಕಾಗೆ ಅತ್ತ ತಿರುಗಿ ಕುಳಿತಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಳಿ ಇರಲಿಲ್ಲ, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಆಗ ಕಾಕಿ ಸೆರಗು ಸರಿಪಡಿಸಿಕೊಂಡು ಎರಡು ಹೆಜ್ಜೆ ಮುಂದೆ ಬಂದರು.

"ನಿಮ್ಮ ಗಾಡಿ ಮಾರಗೊಡೂದಿಲ್ರಿ," ಎಂದರು. "ಯಾರ ಕೈನೂ ಹಚ್ಚಗೊಡೂದಿಲ್ಲ. ಒಂದು ಸ್ಕ್ರೂ ಸೈತ ಬದಲಿ ಮಾಡಗೊಡೂದಿಲ್ಲ. ನೀವು ಬಿಟ್ಟು ಹೋದಂಗೇ ಇರ್ತದ."

ಬದುವಿನ ಮೇಲಿನ ಕಾರು ಹಾರ್ನ್ ಮಾಡಿತು.

ಒಂದೇ ದನಿ, ಉದ್ದ, ಎಳೆದು ಎಳೆದು ಕೂಗಿ ನಿಂತಿತು. ಎಲ್ಲರೂ ತಿರುಗಿ ನೋಡಿದೆವು. ನಾಲ್ಕೂ ಬಾಗಿಲು ಮುಚ್ಚಿದ್ದವು. ಗಾಜಿನೊಳಗೆ ಡ್ರೈವರ್ ಸೀಟು ಖಾಲಿ ಕಾಣುತ್ತಿತ್ತು. ಕಾಕಾನ ತಮ್ಮ ಜೇಬಿನಿಂದ ಕೀ ಹೊರಗೆ ತೆಗೆದು ಅಂಗೈ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ನಿಂತ. ಯಾರೋ ಹೆಂಗಸು "ಯಪ್ಪಾ" ಎಂದು ಕುಸಿದಳು. ನಾವು ಮತ್ತೆ ಈಚೆ ತಿರುಗುವಷ್ಟರಲ್ಲಿ ಕಾಗೆ ಕೆಳಗಿತ್ತು, ಹೋಳಿಗೆಯನ್ನು ಕಚ್ಚಿ ಎಳೆಯುತ್ತಿತ್ತು.

ನಾನು ವೈರಿನವನು. ಹಾರ್ನ್ ತಾನಾಗಿ ಬಡಿದುಕೊಂಡರೆ ಏನಾಗಿರುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಆ ಹೊತ್ತಿನಲ್ಲಿ ನನ್ನ ವಿದ್ಯೆ ಎಲ್ಲಿ ಹೋಗಿತ್ತೋ! ನಾನೂ ಎಲ್ಲರ ಹಾಗೆ ಗಲ್ಲ ಬಡಿದುಕೊಂಡು ಕೈ ಮುಗಿದೆ. ಆವತ್ತು ನಾನು ಪೂರ್ತಿ ನಂಬಿದ್ದೆ. ಸುಳ್ಳು ಹೇಳಿ ಜಾಣನಾಗಲಾರೆ.

ಸುದ್ದಿ ಹುಮನಾಬಾದಿನವರೆಗೂ ಬಂತು. ಗಾಡಿ ಈಗ ಕಾಕಾನ ಹಳೆಯ ದೊಡ್ಡ ಮನೆಯ, ಆ ವಾಡೆಯ ಅಂಗಳದಲ್ಲೇ ನಿಂತಿದೆಯಂತೆ, ದಿನಾ ಮಧ್ಯಾಹ್ನ ಕೂಗುತ್ತದಂತೆ, ಕಾಕಿ ಅದರೊಳಗೆ ಕುಳಿತು ಗಂಡನ ಜೊತೆ ಮಾತಾಡುತ್ತಾರಂತೆ. ಡ್ರೈವರುಗಳು ಇದನ್ನು ಹೇಳುತ್ತ ನನ್ನ ಮುಖ ನೋಡುತ್ತಿದ್ದರು, ಆ ಗಾಡಿಯ ಕೆಲಸ ಮಾಡಿದವನು ನಾನೆಂದು ಅವರಿಗೆ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸುಮ್ಮಸುಮ್ಮನೆ ರೇಗುತ್ತಿದ್ದೆ. ಹತ್ತು ಹನ್ನೆರಡು ದಿನ ಕಳೆದ ಮೇಲೆ ತಡೆಯಲಾರದೆ ಬಸವಕಲ್ಯಾಣಕ್ಕೆ ಹೋದೆ.

ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬಿಸಿಲಿಗೆ ಎಲ್ಲ ಬಾಗಿಲೂ ಮುಚ್ಚಿದ್ದವು. ವಾಡೆಯ ದೊಡ್ಡ ಬಾಗಿಲು ಮಾತ್ರ ತೆರೆದಿತ್ತು, ಸಾವಿಗೆ ಬಂದ ನೆಂಟರೆಲ್ಲ ಊಟ ಮುಗಿಸಿ ಒಳಗೆ ಮಲಗಿದ್ದರು. ಅಂಗಳದ ನೆರಳಿನಲ್ಲಿ ಬಿಳಿ ಕಾರು, ಬಾನೆಟ್ಟಿಗೆ ಕುಂಕುಮ, ಕನ್ನಡಿಗೆ ಒಣಗಿದ ಹೂವಿನ ಸರ. ದರ್ಗಾದ ಓಣಿಯ ಅಜ್ಜಿಯೊಬ್ಬಳು ಬಂದು ಲೋಬಾನ ಹಾಕಿ ಹೋಗಿದ್ದಳಂತೆ, ಅದರ ಬೂದಿ ಗಾಲಿಯ ಪಕ್ಕ ಇತ್ತು. ಕಾಕಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕುಳಿತಿದ್ದರು, ಎದುರಿನ ಡ್ಯಾಶ್‌ಬೋರ್ಡಿನ ಹಲಗೆಯ ಮೇಲೆ ಎರಡು ಕಪ್ ಚಹಾ ಇಟ್ಟುಕೊಂಡು.

"ಬಾ ಮಿಸ್ತ್ರಿ, ಬರೋಬ್ಬರಿ ಟೈಮಿಗೆ ಬಂದಿ," ಎಂದರು. ಅವರ ಮುಖದಲ್ಲಿ ದುಃಖವೇ ಇರಲಿಲ್ಲ. "ಇನ್ನ ಜರಾ ಹೊತ್ತಿಗೆ ಬರ್ತಾರ. ಕೂಡು."

ಎಲ್ಲಿ ಕೂರಲಿ? ಅವರ ಪಕ್ಕ ಖಾಲಿ ಇದ್ದದ್ದು ಡ್ರೈವರ್ ಸೀಟೊಂದೇ. ನಾನು ಕಾರಿನ ಹೊರಗೆ, ಅಂಗಳದ ಕಟ್ಟೆಯ ಮೇಲೆ ಕುಳಿತೆ. ಬಿಸಿಲು ಗೋಡೆ ದಾಟಿ ನಿಧಾನಕ್ಕೆ ಅಂಗಳಕ್ಕೆ ಇಳಿಯುತ್ತಿತ್ತು. ಮೊದಲು ಗಾಲಿ, ಆಮೇಲೆ ದೀಪ, ಆಮೇಲೆ ಬಾನೆಟ್ಟು. ಬಾನೆಟ್ಟಿನ ಮೇಲೆ ಬಿಸಿಲು ತುಂಬಿ ಕಾಲು ಗಂಟೆಯೂ ಆಗಿರಲಿಲ್ಲ, ಹಾರ್ನ್ ಕೂಗಿತು. ನಾನು ಕಾಯುತ್ತ ಕುಳಿತಿದ್ದರೂ ಬೆಚ್ಚಿಬಿದ್ದೆ. ಕಾಕಿ ತಲೆ ವಾಲಿಸಿ, ಮನೆಗೆ ಬಂದ ಗಂಡನ ದನಿ ಕೇಳುವ ಹೆಂಡತಿಯ ಹಾಗೆಯೇ ಕೇಳಿದರು. ಖಾಲಿ ಸೀಟಿಗೆ ತಿರುಗಿ, "ಇವತ್ತ ಮಿಸ್ತ್ರಿ ಬಂದಾನ್ರಿ," ಎಂದರು.

ಆಮೇಲೆ ನನ್ನ ಕಡೆ ತಿರುಗಿದರು. "ಮೊನ್ನಿಯಿಂದ ಅವರ ದನಿ ಸಣ್ಣ ಆಗ್ಯಾದ. ಮೊದಲಿನಂಗ ಇಲ್ಲ. ದಣದಾರೇನೋ ಅಂತ ಅಂಜಿಕಿ ಬರಾಕತ್ತದ. ಏನ್ ಮಾಡಬೇಕು ಹೇಳು?"

ಬ್ಯಾಟರಿ ಇಳಿಯುತ್ತಿತ್ತು. ಎಂಜಿನ್ ಶುರು ಮಾಡದೆ ದಿನಾ ಹಾರ್ನ್ ಬಡಿದರೆ ಮತ್ತೇನಾಗುತ್ತದೆ? ಅಲ್ಲಿಯೇ ನನಗೆ ಅನುಮಾನ ಬಂದಿತ್ತು. ಬಿಸಿಲು ಬಿದ್ದ ಮೇಲೇ ಏಕೆ ಕೂಗಬೇಕು, ಬ್ಯಾಟರಿ ಇಳಿದ ಹಾಗೆ ಸತ್ತವರ ದನಿ ಏಕೆ ಇಳಿಯಬೇಕು ಎಂದು ಮನಸ್ಸಿನ ಒಂದು ಮೂಲೆ ಕೇಳಿತು. ಆ ಮೂಲೆಗೆ ನಾನು ಬಾಯಿ ಮುಚ್ಚೆಂದು ಹೇಳಿದೆ. ಗಾಡಿ ಬಿಚ್ಚಿ ನೋಡುತ್ತೇನೆ ಎಂದರೆ ಮಾತು ಮುರಿದ ಹಾಗೆ, ತಪ್ಪು ಸಿಕ್ಕರೆ ಅದು ನನ್ನದೇ. ನನಗೆ ಹೆದರಿಕೆಯಾಗಿತ್ತು. ದೆವ್ವದ ಹೆದರಿಕೆ ಎಷ್ಟೋ, ಮರ್ಯಾದೆ ಹೋಗುವ ಹೆದರಿಕೆಯೂ ಅಷ್ಟೇ.

"ದಿನಾ ಮುಂಜಾನಿ ಅರ್ಧ ತಾಸು ಎಂಜಿನ್ ಚಾಲೂ ಮಾಡಿ ಇಡಸ್ರಿ ಕಾಕಿ," ಎಂದೆ. "ದನಿ ಸುಧಾರಿಸ್ತದ."

ಅವರಿಗೆ ಆದ ಸಂತೋಷ ನೋಡಬೇಕಿತ್ತು. ಹಲಗೆಯ ಮೇಲಿದ್ದ ಎರಡನೆಯ ಕಪ್ಪನ್ನು ತೆಗೆದು ನನ್ನ ಕೈಗೆ ಕೊಟ್ಟರು. ಅದು ಕಾಕಾನ ಚಹಾ. ಆರಿ ತಣ್ಣಗಾಗಿತ್ತು, ಮೇಲೆ ಕೆನೆ ಕಟ್ಟಿತ್ತು. ಬೇಡ ಎನ್ನುವ ಧೈರ್ಯ ಇಲ್ಲದೆ ಕುಡಿದೆ. ಬಸ್ಸಿನಲ್ಲಿ ಹುಮನಾಬಾದಿಗೆ ಬರುವಷ್ಟೂ ದಾರಿ ಆ ಚಹಾ ಎದೆಯಲ್ಲೇ ಕುಳಿತ ಹಾಗಿತ್ತು.

ಮತ್ತೆ ಎರಡು ವಾರ. ಒಂದು ದಿನ ಯಾವುದೋ ಟ್ರ್ಯಾಕ್ಟರಿಗೆ ಬಲ್ಬು ಬೇಕೆಂದು ಅಂಗಡಿಯ ಡ್ರಾ ಎಳೆದೆ. ಕೆಳಗಡೆ ಕಾಗದದ ಪೊಟ್ಟಣ ಇತ್ತು. ಬಿಚ್ಚಿದರೆ ಕಾಕಾನ ಗಾಡಿಗೆಂದು ತರಿಸಿದ ದೊಡ್ಡ ಫ್ಯೂಜು, ಜೊತೆಗೆ ಒಂದು ರಬ್ಬರ್ ರಿಂಗು. ಅದನ್ನು ಕೈಯಲ್ಲಿ ಹಿಡಿದದ್ದೇ ತಡ, ಬಾಯಿ ಮುಚ್ಚಿಸಿದ್ದ ಆ ಮೂಲೆ ಕೂಗಿ ಹೇಳಿತು. ನಾಲ್ಕನೆಯ ತೂತು. ಅದರ ಅಂಚು ಸೈಕಲ್ ಟ್ಯೂಬನ್ನು ತಿಂದಿದೆ. ಮೊದಲು ಹಾರ್ನಿನ ಸಣ್ಣ ವೈರಿನ ತೊಗಟೆ ಹೋಗಿದೆ. ಬಿಸಿಲಿಗೆ ತಗಡು ಹಿಗ್ಗಿದಾಗ ಆ ವೈರು ಅಂಚಿಗೆ ತಾಗುತ್ತದೆ, ಸ್ಟೇರಿಂಗಿನ ಗುಂಡಿ ಒತ್ತಿದ ಹಾಗೆಯೇ ಹಾರ್ನ್ ಕೂಗುತ್ತದೆ. ಇನ್ನಷ್ಟು ಹಿಗ್ಗಿ ಸರಿದಾಗ ಬಿಡುತ್ತದೆ. ಕೊನೆಯ ಗುರುವಾರ ಕಾಕಾ ಸ್ಟೂಲಿನಿಂದ ಏಳುತ್ತ, "ಹಾರ್ನ್ ಒಮ್ಮೊಮ್ಮಿ ತಾನ ಬಡ್ಕೋತದ ನೋಡು ಮಿಸ್ತ್ರಿ," ಎಂದದ್ದೂ ಆಗ ನೆನಪಾಯಿತು. ನಾನು ಹ್ಞೂಂ ಎಂದಿದ್ದೆ.

ಅದೇ ತೂತಿನಲ್ಲಿ, ಆ ಸಣ್ಣ ವೈರಿಗೆ ಮೈ ತಾಗಿಸಿಕೊಂಡು ಬ್ಯಾಟರಿಯ ದಪ್ಪ ವೈರಿದೆ. ಅದಕ್ಕೆ ಫ್ಯೂಜಿಲ್ಲ, ಅದು ನನ್ನ ಕೈಯಲ್ಲಿದೆ. ದಿನಾ ಅರ್ಧ ತಾಸು ಎಂಜಿನ್ ನಡುಗಿಸಿ ಆ ಅಂಚಿಗೆ ಗರಗಸದ ಕೆಲಸ ಕೊಟ್ಟವನು ನಾನು. ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿಸಿಟ್ಟವನೂ ನಾನೇ. ಆ ಗಾಡಿಯೊಳಗೆ ಬಾಗಿಲು ಹಾಕಿಕೊಂಡು ಕಾಕಿ ಕುಳಿತಿರುತ್ತಾರೆ. ಗಡಿಯಾರ ನೋಡಿದೆ, ಒಂದೂವರೆ, ಬಾನೆಟ್ಟಿಗೆ ಬಿಸಿಲು ಬರಲು ಇನ್ನು ಒಂದು ತಾಸೂ ಇಲ್ಲ.

ಜೇಬಿಗೆ ನಟ್ಟು ಬಿಚ್ಚುವ ಪಾನಾ ಹಾಕಿಕೊಂಡು ಬೈಕ್ ಹತ್ತಿದೆ. ಕಾಕಾನ ತಮ್ಮನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಆ ರಸ್ತೆಯಲ್ಲಿ ನಾನು ಎಷ್ಟು ಸಲ ಹೋಗಿದ್ದೇನೋ, ಆವತ್ತಿನಷ್ಟು ಉದ್ದ ಅದು ಎಂದೂ ಇರಲಿಲ್ಲ. ಬಿಸಿಗಾಳಿ ಕಣ್ಣಿಗೆ ಹೊಡೆಯುತ್ತಿತ್ತು. ಬಿಸಿಲು ಈಗ ಗಾಲಿಗೆ ಬಂದಿರಬೇಕು, ಈಗ ದೀಪಕ್ಕೆ ಎಂದು ಲೆಕ್ಕ ಹಾಕುತ್ತ ಹೋದೆ. ಕಾಕಿಗೆ ಏನಾದರೂ ಆದರೆ ನಾನು ಕೊಂದ ಹಾಗೆಯೇ, ಅದರಲ್ಲಿ ಎರಡು ಮಾತಿಲ್ಲ.

ಅಂಗಳ ಹೊಕ್ಕಾಗ ಬಿಸಿಲು ಬಾನೆಟ್ಟಿನ ಅರ್ಧಕ್ಕೆ ಬಂದಿತ್ತು. ಕಾಕಿ ಅದೇ ಸೀಟಿನಲ್ಲಿ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನನ್ನು ನೋಡಿ ಕಿಟಕಿಯ ಗಾಜು ಇಳಿಸಿದರು. ಅವರ ಮುಖ ಬೆಳಗುತ್ತಿತ್ತು.

"ಮಿಸ್ತ್ರಿ, ನೀ ಹೇಳಿದ್ದು ಖರೇ ಆತು. ದನಿ ಗಟ್ಟಿ ಆಗ್ಯಾದ. ಮ್ಯಾಲ ಎರಡು ದಿನದಿಂದ ಅವರ ಬೀಡಿ ವಾಸನಿ ಬರಾಕತ್ತದ. ಮೂಸಿ ನೋಡು."

ತಲೆ ಒಳಗೆ ಹಾಕಿ ಮೂಸಿದೆ. ಸುಟ್ಟ ರಬ್ಬರಿನ ವಾಸನೆ. ಇಪ್ಪತ್ತು ವರ್ಷದಿಂದ ನನಗೆ ಗೊತ್ತಿರುವ ವಾಸನೆ. ಕಾಕಾನ ಬೀಡಿಯ ವಾಸನೆ ಅದರ ಹತ್ತಿರವೂ ಬರುವುದಿಲ್ಲ. ನನಗೆ ಹುಟ್ಟಿದಂದಿನಿಂದ ಅಷ್ಟು ಭಯವಾದದ್ದಿಲ್ಲ.

"ಕಾಕಿ, ಹೊರಗ ಬರ್ರಿ. ಡಿಕ್ಕಿ ಕೀ ಕೊಡ್ರಿ. ಬೆಂಕಿ ಹತ್ತತದ."

"ಯಾರೂ ಕೈ ಹಚ್ಚಾಂಗಿಲ್ಲ. ಮಾತು ಕೊಟ್ಟೇನಿ."

"ಅದು ಕಾಕಾ ಅಲ್ರಿ! ನಾ ಮಾಡಿದ ತಪ್ಪದು. ಒಂದು ತೂತಿಗೆ ರಬ್ಬರ್ ಹಾಕಲಿಲ್ಲ ನಾ. ವೈರು ತಗಡಿಗೆ ಹತ್ತಿ ಹಾರ್ನ್ ಹೊಡ್ಯಾಕತ್ತದ. ಫ್ಯೂಜೂ ಹಾಕಿಲ್ಲ. ನನ್ನ ತಪ್ಪದ, ಕಾಕಾ ಅಲ್ರಿ ಅದು!"

ಕಾಕಿ ನನ್ನನ್ನೇ ನೋಡಿದರು. ಆಗ ಹಾರ್ನ್ ಕೂಗಿತು. ಸ್ಟೇರಿಂಗು ಅವರ ಕೈಯಳತೆಯಲ್ಲಿತ್ತು, ಮುಟ್ಟಿದವರಿಲ್ಲ. ಗೋಡೆಗೆ ಗೋಡೆ ಕೂಗುವಷ್ಟು ಗಟ್ಟಿ ದನಿ.

"ಕೇಳ್ದಿ?" ಎಂದರು ಕಾಕಿ ಮೆಲ್ಲಗೆ. "ಸುಳ್ಳ ಹೇಳಬ್ಯಾಡ ಅನ್ನಾಕತ್ತಾರ."

ದನಿ ನಿಲ್ಲಲಿಲ್ಲ. ದಿನಾ ನಿಲ್ಲುತ್ತಿದ್ದುದು ಆವತ್ತು ನಿಲ್ಲಲಿಲ್ಲ. ಕಾಕಿಯ ಕಾಲ ಬಳಿ, ಹಲಗೆಯ ಕೆಳಗಿನಿಂದ ನೂಲಿನಷ್ಟು ಸಣ್ಣ ಬಿಳಿ ಹೊಗೆ ಎದ್ದು ಅವರ ಸೀರೆಯ ನಿರಿಗೆಯ ಮೇಲೆ ಹಾಯ್ದು ಬರುತ್ತಿತ್ತು. ಅವರು ಅದನ್ನು ನೋಡಿ ನಕ್ಕರು. ಅವರನ್ನು ರಟ್ಟೆ ಹಿಡಿದು ಎಳೆಯಲು ಕೈ ಚಾಚಿದೆ. ಅವರು ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಜಗ್ಗಾಡಲು ಸಮಯವಿರಲಿಲ್ಲ. ಹಿಂದಕ್ಕೆ ಓಡಿದೆ.

ಗೋಡೆಗೆ ಒರಗಿಸಿದ್ದ ಕಬ್ಬಿಣದ ಹಾರೆಯನ್ನು ಡಿಕ್ಕಿಯ ಸಂದಿಗೆ ತೂರಿಸಿ ಮೈಯೆಲ್ಲ ಹಾಕಿ ಮೀಟಿದೆ. ಎರಡನೆಯ ಸಲಕ್ಕೆ ಬೀಗ ಕಿತ್ತು ಬಂತು. ಡಬ್ಬಿ ಎತ್ತಿ ಬಿಸಾಡಿ, ಪಾನಾ ಹಾಕಿ ಮೊದಲು ಅರ್ಥಿಂಗಿನ ನಟ್ಟು ಸಡಿಲಿಸಿದೆ. ಎರಡು ಸಲ ಪಾನಾ ಜಾರಿತು. ಹಾರ್ನ್ ಕೂಗುತ್ತಲೇ ಇತ್ತು. ಒಳಗಿನಿಂದ ಕಾಕಿ ಏನೋ ಹೇಳುತ್ತಿದ್ದರು, ನನಗಲ್ಲ, ಆ ಸೀಟಿಗೆ. ಟರ್ಮಿನಲ್ಲನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆ ಕಿತ್ತೆ.

ಕೂಗು ಅರ್ಧಕ್ಕೆ ತುಂಡಾಯಿತು.

ಅಂಥ ಸದ್ದಿಲ್ಲದ ಅಂಗಳವನ್ನು ನಾನು ಕಂಡಿಲ್ಲ. ನಾನು ಬದುಕಿಸಲೆಂದೇ ಬಂದವನು, ಆದರೂ ಯಾರದೋ ಕತ್ತು ಹಿಸುಕಿ ನಿಂತ ಹಾಗೆ ಅನ್ನಿಸಿತು. ಹೊಗೆ ತೆಳ್ಳಗಾಗಿ ನಿಂತಿತು. ಎಷ್ಟೋ ಹೊತ್ತಿನ ಮೇಲೆ ಕಾರಿನ ಬಾಗಿಲು ತೆರೆದ ಸದ್ದಾಯಿತು. ಕಾಕಿ ಗಾಡಿಯನ್ನು ಹಿಡಿದುಕೊಂಡು ಹಿಂದಕ್ಕೆ ಬಂದು, ನನ್ನ ಕೈಯಲ್ಲಿದ್ದ ಟರ್ಮಿನಲ್ಲನ್ನು ನೋಡಿದರು.

"ಹೋದ್ರೇನು?" ಎಂದು ಕೇಳಿದರು.

ಅವರನ್ನು ಕರೆದುಕೊಂಡು ಹೋಗಿ ಬಾನೆಟ್ಟು ಎತ್ತಿದೆ. ನಾಲ್ಕನೆಯ ತೂತಿನಲ್ಲಿ ಟ್ಯೂಬು ಸುಟ್ಟು ಕರಿ ಬೂದಿಯಾಗಿ ಅಂಟಿಕೊಂಡಿತ್ತು. ದಪ್ಪ ವೈರಿನ ತೊಗಟೆ ಬಾಯಿ ಬಿಟ್ಟು, ಒಳಗಿನ ತಾಮ್ರದ ನಾಲ್ಕೈದು ಎಳೆ ಕಡಿದು ಹೊಳೆಯುತ್ತಿದ್ದವು. ಅದರ ಪಕ್ಕದಲ್ಲಿ ಹಾರ್ನಿನ ಸಣ್ಣ ವೈರು, ತಗಡಿಗೆ ಬೆಸೆದ ಹಾಗೆ. ಕಾಕಿ ಬಗ್ಗಿ ಎಲ್ಲವನ್ನೂ ನಿಧಾನಕ್ಕೆ ನೋಡಿದರು.

"ಹಂಗಾರ ಆವತ್ತ ಹೊಲದಾಗ?"

"ಅದೂ ಇದೇ ರೀ ಕಾಕಿ."

"ಕಾಗಿ?"

"ಕಾಗಿದು ನನಗ ಗೊತ್ತಿಲ್ರಿ."

ಕಾಕಿ ಸುಟ್ಟ ಟ್ಯೂಬಿನ ಬೂದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ನಿನಗ ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಿತ್ತು. ಈ ದಿನವೇ ಗೊತ್ತಾದದ್ದು ಎಂದರೆ ಯಾರು ಬಂದು ಕೇಳುತ್ತಿದ್ದರು? "ಖಾತ್ರಿ ಆಗಿದ್ದು ಇವತ್ತ ರೀ," ಎಂದೆ. "ಅನುಮಾನ ಬಂದಿದ್ದು ಆವತ್ತ ಛಾ ಕುಡಿಯಾಗನ. ಅಂಜಿ ಸುಮ್ಮ ಕುಂತೆ."

ಅವರು ಬೈಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೂ ನಿಂತುಕೊಳ್ಳುತ್ತಿದ್ದೆ.

"ಆವತ್ತ ಹೇಳಿದ್ರ ಮನಿ ತುಂಬ ಮಂದಿ ಇತ್ತಲ್ಲೋ," ಎಂದರು. "ಅವರ ಜೋಡಿ ನಾನೂ ಅತ್ತು ಮುಗಸ್ತಿದ್ದೆ. ಇವರು ದಿನಾ ಬರ್ತಾರ, ನಾ ಯಾಕ ಅಳಲಿ ಅಂತ ಅಳಲೇ ಇಲ್ಲ ನಾ. ಎಲ್ಲಾರೂ ಅತ್ತು ಅತ್ತು ತಮ್ಮ ತಮ್ಮ ಊರಿಗಿ ಹೋದ್ರು. ಈಗ ನಾ ಒಬ್ಬಾಕಿ ಹ್ಯಾಂಗ ಅಳಲಿ?"

ಹಾಗೆ ಹೇಳಿ, ಅಲ್ಲೇ ಗಾಲಿಯ ಪಕ್ಕ ಕುಸಿದು ಕುಳಿತು, ಎರಡೂ ಕೈಯಿಂದ ನೆಲ ಬಡಿದು ದನಿ ತೆಗೆದರು. ಹೊಸದಾಗಿ ಹೆಣ ಬಿದ್ದ ಮನೆಯಲ್ಲಿ ತೆಗೆಯುವ ದನಿ ಅದು. ಓಣಿಯ ಬಾಗಿಲುಗಳು ಒಂದೊಂದೇ ತೆರೆದುಕೊಂಡವು. ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು, ಸೆರಗು ತಲೆಗೆ ಹಾಕಿಕೊಳ್ಳುತ್ತ ಓಡಿ ಬಂದು ಅವರನ್ನು ತಬ್ಬಿಕೊಂಡು ಕುಳಿತರು. ಏನಾಯಿತೆಂದು ಅವರು ಕೇಳಲಿಲ್ಲ, ಜೊತೆಗೆ ಅಳತೊಡಗಿದರು. ನಾನು ಅಂಗಳದ ಬಾಗಿಲಿಗೆ ಬಂದು ನಿಂತೆ.

ಪಕ್ಕದ ಓಣಿಯ ಮುದುಕರೊಬ್ಬರು ಕೋಲೂರುತ್ತ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಯಾರ ಹೋದ್ರಪ್ಪಾ?" ಎಂದು ಕೇಳಿದರು.

"ಕಾಕಾ ಹೋದ್ರು," ಎಂದೆ.

ಅವರಿಗೆ ಕಿವಿ ಮಂದವೋ, ನೆನಪು ಮಂದವೋ ತಿಳಿಯದು. "ಯಾವಾಗ?" ಎಂದರು.

"ಈಗ ರೀ," ಎಂದೆ.